ಒಂದೇ ಮಾವಿನ ಗೊಂಚಲು ನೋಡುತ್ತಾ ಕೂತೆ

ಮಾವು ಹೂ ಬಿಟ್ಟಾಗ ಇಡೀ ಮರ ನೋಡಿ ಖುಷಿಪಟ್ಟು ಸುಮ್ಮನಾಗುತ್ತಿದ್ದೆ. ಒಂದು ವಸಂತದ ಶುರುವಿನಲ್ಲಿ ಮಾತ್ರ ಕೈಗೆಟಕುವ ಒಂದು ಗೊಂಚಲಿಗೆ ಕೆಂಪು ನೂಲು ಕಟ್ಟಿ, ದಿನಾ ಬೆಳಿಗ್ಗೆ ಅದನ್ನಷ್ಟೇ ನೋಡತೊಡಗಿದೆ. 10 ಪಟ್ಟು ಹಿಗ್ಗಿಸುವ ಪುಟ್ಟ ಲೆನ್ಸು, ಒಂದು ನೋಟ್‌ಬುಕ್ಕು, ಅಷ್ಟೇ.

ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು ಹೂವಿನ ಹತ್ತಿರ ಬಾಗಬೇಕು. ಸಾಮಾನ್ಯವಾಗಿ 5 ಎಸಳು. ಪರಾಗ ಕೊಡುವ ಕೇಸರ ಹೆಚ್ಚಾಗಿ ಒಂದೇ, ಉಳಿದವು ಮೊಟಕು. ಬೆಳಿಗ್ಗೆ ಅದರ ತುದಿ ನಸುಗೆಂಪಾಗಿತ್ತು. ಬಿಸಿಲೇರಿದ ಮೇಲೆ ಮತ್ತೆ ನೋಡಿದರೆ ಅದೇ ತುದಿ ನೇರಳೆಗೆ ತಿರುಗಿ, ಸೀಳಿ, ಪುಡಿ ಹೊರಬಂದಿತ್ತು. ಅವತ್ತು ಬೇರೆ ಯಾವ ಕೆಲಸಕ್ಕೂ ಮನಸ್ಸು ಹೋಗಲಿಲ್ಲ.

ಕೆಲವು ಹೂಗಳ ನಡುವೆ ಹಳದಿ ಮಣಿಯಂಥ ಅಂಡಾಶಯ (ಮುಂದೆ ಕಾಯಿಯಾಗುವ ಭಾಗ), ಅದರ ಪಕ್ಕದಿಂದ ಎದ್ದ ಶಲಾಕೆ, ಅಂದರೆ ತುದಿಯಲ್ಲಿ ಪರಾಗ ಹಿಡಿಯುವ ಸಣ್ಣ ಕಡ್ಡಿ. ಕಾಯಿ ಆಗಬಲ್ಲವು ಇವು ಮಾತ್ರ. ನನ್ನ ಗೊಂಚಲಿನಲ್ಲಿ ಹೆಚ್ಚಿನವು ಅಂಡಾಶಯವಿಲ್ಲದ ಗಂಡು ಹೂಗಳೇ. ಮರದಡಿ ಹಾಸಿದಂತೆ ಬೀಳುವ ಹೂ ಕಂಡು ಮೊದಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಬಿದ್ದವನ್ನು ಲೆನ್ಸಿನಡಿ ಹಿಡಿದ ಮೇಲೆ ಆ ಸಂಕಟ ಹೋಯಿತು.

ಪರಾಗ ಹೊರುವುದು ಜೇನು ಎಂದೇ ನಂಬಿದ್ದೆ. ಜೇನೂ ಬಂತು, ಆದರೆ ಗೊಂಚಲಿನ ತುಂಬ ಓಡಾಡಿದ್ದು ನೊಣಗಳು. ಹೂವಿನ ನಡುವಿನ ತೇವ ಹೀರುವಾಗ ಅವುಗಳ ಮೈಗೆ ಪುಡಿ ಮೆತ್ತುತ್ತಿತ್ತು. ಹೂ ಅರಳಿರುವಾಗ ಕೀಟನಾಶಕ ಹೊಡೆಯುವುದನ್ನು ಅಂದಿನಿಂದ ನೋಡಲಾಗುತ್ತಿಲ್ಲ.

ಕೀಟ ಬಾರದಿದ್ದರೆ? ಪಕ್ಕದ ಗೊಂಚಲಿಗೆ ಸೊಳ್ಳೆಪರದೆಯ ಚೀಲ ಕಟ್ಟಿದೆ. ಮೊದಲ ಸಲ ಎಡವಿದೆ: ಅಷ್ಟರಲ್ಲಾಗಲೇ ಕೆಲವು ಹೂ ಅರಳಿದ್ದವು, ಬಟ್ಟೆಯೂ ಹೂವಿಗೆ ಉಜ್ಜುತ್ತಿತ್ತು. ಮರುವರ್ಷ ಮೊಗ್ಗಿನಲ್ಲೇ, ಒಳಗೆ ತಂತಿ ಬಳೆ ಇಟ್ಟು, ಮೂರು ಗೊಂಚಲಿಗೆ ಕಟ್ಟಿದೆ. ಒಂದೇ ಗೊಂಚಲು ನಂಬಿ ತೀರ್ಮಾನಿಸುವುದು ಸರಿಯಲ್ಲ. ಚೀಲದೊಳಗೆ ಸಾಸಿವೆ ಗಾತ್ರದ ಒಂದೆರಡು ಹೀಚು ಕಟ್ಟಿ, ಹಳದಿಯಾಗಿ ಉದುರಿದವು. ತೆರೆದಿಟ್ಟವುಗಳಲ್ಲಿ ಬಟಾಣಿ ಗಾತ್ರದ ಮಿಡಿಗಳು ತೂಗುತ್ತಿದ್ದವು.

ಹೀಗೆ ಹೂ ನೋಡಲು ಹೊರಟ ಹೊಸಬರಿಗೆ ಎಲೆ ಉದುರಿಸಿ ಹೂ ಬಿಡುವ ಮುತ್ತುಗ ಸುಲಭ ಅನ್ನಿಸಬಹುದು, ಮರೆಯೇ ಇಲ್ಲವಲ್ಲ. ಆದರೆ ಅಲ್ಲಿಗೆ ಬರುವುದು ಸೂರಕ್ಕಿಯಂಥ ಹಕ್ಕಿಗಳು. ದೂರ ನಿಂತು, ಅಲುಗಾಡದೆ ಕಾಯಬೇಕು.

ನನ್ನ ಮಾವಿನ ಮಿಡಿಗಳಲ್ಲೂ ಬಹುಪಾಲು ನಿಲ್ಲಲಿಲ್ಲ. ನೂರಾರು ಹೂ ಅರಳಿದ್ದ ನನ್ನ ಕೆಂಪು ನೂಲಿನ ಗೊಂಚಲಿನಲ್ಲಿ ಕೊನೆಗೆ ಉಳಿದದ್ದು 2 ಕಾಯಿ.