ಉಡುಪಿಯ ಸೆಕೆಯಲ್ಲಿ ಎಸ್‌ಪ್ರೆಸೊ: ನನ್ನ ಅನುಭವ

ಕಳೆದ ಭಾನುವಾರ ದೊಡ್ಡಪ್ಪ ನಮ್ಮ ಅಡುಗೆಮನೆಯಲ್ಲಿ ಎರಡನೆಯ ಲೋಟ ಕಾಫಿ ಕೇಳಿ ಹಾಕಿಸಿಕೊಂಡರು. ಮುಂಬೈಯ ಮಾಟುಂಗದಲ್ಲಿ ಮೂವತ್ತೈದು ವರ್ಷ ಹೋಟೆಲು ನಡೆಸಿ ಊರಿಗೆ ಬಂದವರು. ಡಿಕಾಕ್ಷನ್ ಎಷ್ಟು ಹೊತ್ತಿನ ಹಿಂದೆ ಇಳಿದದ್ದು ಅಂತ ಪರಿಮಳದಲ್ಲೇ ಹೇಳುವವರು. ಎರಡು ವರ್ಷದ ಹಿಂದೆ ನನ್ನ ಇದೇ ಎಸ್‌ಪ್ರೆಸೊ ಯಂತ್ರದ ಕಾಫಿಯನ್ನು ಒಂದು ಗುಟುಕು ಕುಡಿದು, "ಎಂತ ಮಾಣಿ, ಹುಣಸೆಹುಳಿ ಹಿಂಡಿದ್ದೀಯಾ?" ಎಂದು ಲೋಟ ಕೆಳಗಿಟ್ಟವರೂ ಅವರೇ. ಹಾಗಾಗಿ ಈಗ ಬರೆಯುವ ಧೈರ್ಯ ಬಂದಿದೆ. ಎಸ್‌ಪ್ರೆಸೊ ಅಂದರೆ ಒತ್ತಿದ ಕಾಫಿಪುಡಿಯ ಮೂಲಕ ಬಿಸಿನೀರನ್ನು ಒಂಬತ್ತು ಬಾರ್ ಒತ್ತಡದಲ್ಲಿ ಹಾಯಿಸಿ ಇಳಿಸುವ ಗಟ್ಟಿ ಕಾಫಿ. ಪುಡಿಗೆ ನೀರು ಬಿಡುವ ಯಂತ್ರದ ತಲೆಗೆ ಗ್ರೂಪ್ ಅನ್ನುತ್ತಾರೆ, ಇ-61 ಅದರದೊಂದು ಮಾದರಿ. ನಮ್ಮ ಕರಾವಳಿಯ ನೀರು, ಮಳೆ, ಘಟ್ಟದ ಬೀಜ ಇಟ್ಟುಕೊಂಡು ಇದನ್ನು ಪಳಗಿಸಿದ್ದು ಹೇಗೆ, ಎಲ್ಲಿ ದುಡ್ಡು ಹಾಳು ಮಾಡಿಕೊಂಡೆ ಎಂಬುದನ್ನಷ್ಟೇ ಹೇಳುತ್ತೇನೆ.

ಯಂತ್ರ ಇಟಲಿಯದ್ದು. ಡ್ಯುಯಲ್ ಬಾಯ್ಲರ್, ಅಂದರೆ ಕಾಫಿಗೊಂದು, ಹಾಲಿನ ಸ್ಟೀಮಿಗೊಂದು. ಸದ್ದು ಕಡಿಮೆಯ ರೋಟರಿ ಪಂಪು. ಸುಂಕ, ಸಾಗಣೆ ಎಲ್ಲ ಸೇರಿ 2 ಲಕ್ಷ 30 ಸಾವಿರದ ಆಸುಪಾಸು ಆಯಿತು. ಗ್ರೈಂಡರು ಬೆಂಗಳೂರಿನವರೊಬ್ಬರು ಬಳಸಿದ್ದು, 64 ಮಿ.ಮೀ. ಫ್ಲ್ಯಾಟ್ ಬರ್ (ಬೀಜ ಅರೆಯುವ ಚಪ್ಪಟೆ ಬಿಲ್ಲೆಗಳು), 45 ಸಾವಿರಕ್ಕೆ ಸಿಕ್ಕಿತು. ವೈಬ್ರೇಟರಿ ಪಂಪಿನ ಮಾದರಿ ತೆಗೆದುಕೊಂಡಿದ್ದರೆ ಐವತ್ತು ಸಾವಿರ ಉಳಿಯುತ್ತಿತ್ತು. ಆದರೆ ಬೆಳಿಗ್ಗೆ ಐದೂವರೆಗೆ ಅಮ್ಮ ದೇವರ ಕೋಣೆಯಲ್ಲಿ ಕೂತಿರುತ್ತಾರೆ. ಗೋಡೆಯ ಈಚೆ ಬದಿಗೇ ಯಂತ್ರ. ಆ ಗರಗರ ಸದ್ದು ನಮ್ಮ ಮನೆಯಲ್ಲಿ ನಡೆಯುವಂಥದ್ದಲ್ಲ. ಆ ಐವತ್ತು ಸಾವಿರದ ಬಗ್ಗೆ ನನಗೆ ಒಂದು ದಿನವೂ ಬೇಸರ ಬಂದದ್ದಿಲ್ಲ.

ಬೇಡ ಅಂದವರು ಮಾತ್ರ ಬಹಳ ಜನ. "ಭಾವ, ಇಷ್ಟು ದುಡ್ಡಿಗೆ ಹಳೆ ಆಲ್ಟೊ ಒಂದು ಬರ್ತಿತ್ತಲ್ಲ" ಎಂದು ಹೆಂಡತಿಯ ತಮ್ಮ. ಉಪ್ಪುಗಾಳಿಗೆ ಎರಡು ಮಳೆಗಾಲವೂ ತಡೆಯಲಿಕ್ಕಿಲ್ಲ ಎಂದು ಆಫೀಸಿನವರು. ಹಿತ್ತಾಳೆ ಫಿಲ್ಟರಿನಲ್ಲಿ ಆಗದ್ದು ಇದರಲ್ಲಿ ಎಂತ ಆಗ್ತದೆ ಎಂದು ಅಮ್ಮ. ಮೊದಲ ವರ್ಷ ಇವರೆಲ್ಲರ ಮಾತೂ ನಿಜವಾಗುವ ಹಾಗೇ ಕಾಣುತ್ತಿತ್ತು.

ಮೊದಲು ಕರೆಂಟು. ನಮ್ಮದು ಪರ್ಕಳದ ಕಡೆಯ ಹಳೆ ಮನೆ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥಿಂಗ್ ಸರಿ ಕೂರುವುದಿಲ್ಲ. ಯಂತ್ರದ ಮೈ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತು. ಹೊಸ ಅರ್ಥ್ ಗುಂಡಿ ತೆಗೆಸಿ, 16 ಆಂಪಿಯರ್ ಪಾಯಿಂಟಿಗೆ ಬೇರೆಯೇ ವಯರು ಎಳೆಸಿದ್ದಕ್ಕೆ ಆರು ಸಾವಿರ. ಏಪ್ರಿಲ್ ಸಂಜೆಗಳಲ್ಲಿ ವೋಲ್ಟೇಜು 180ಕ್ಕೆ ಇಳಿಯುತ್ತದೆ, ಅದಕ್ಕೊಂದು 4 ಕೆವಿಎ ಸ್ಟೆಬಿಲೈಸರ್, ಎಂಟು ಸಾವಿರ. ಯಂತ್ರ ತರುವ ಮೊದಲೇ ಇದನ್ನು ಮಾಡಿಸಿಕೊಳ್ಳಿ.

ಇನ್ನು ನೀರು. ನನ್ನ ಅರ್ಧ ಸೋಲೂ ಇದರಲ್ಲೇ, ಪೂರ್ತಿ ಗೆಲುವೂ ಇದರಲ್ಲೇ.

ಶುರುವಿಗೆ ಬಾವಿಯ ನೀರನ್ನೇ ಹಾಕಿದೆ. ನಮ್ಮ ಬಾವಿ ನೀರು ಬಹಳ ಮೆದು, ಮೀಟರಿನಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) ನಲವತ್ತೋ ನಲವತ್ತೈದೋ. ಸುಣ್ಣ ಕಟ್ಟುವ ಭಯವೇ ಇಲ್ಲವೆಂದು ಖುಷಿಯಲ್ಲಿದ್ದೆ. ಆದರೆ ಮುರಕಲ್ಲಿನ ಬಾವಿಯ ನೀರಿಗೆ ಹುಳಿಯ ಗುಣ ಉಂಟು, ಪಿಎಚ್ ಪಟ್ಟಿ ಅದ್ದಿದರೆ ಆರಕ್ಕಿಂತ ಕೆಳಗೇ ತೋರಿಸುತ್ತದೆ. ಬಚ್ಚಲಿನ ಹಿತ್ತಾಳೆ ನಲ್ಲಿಯ ಕೆಳಗೆ ವರ್ಷಗಟ್ಟಲೆಯಿಂದ ಹಸಿರು ಕಿಲುಬು ಕಟ್ಟುತ್ತಿದ್ದದ್ದು ಯಾಕೆಂದು ಆಗ ಹೊಳೆಯಿತು. ಗ್ರೂಪ್ ಹಿತ್ತಾಳೆಯದು, ಪೈಪು ತಾಮ್ರದ್ದು. ಹೆದರಿ ಎರಡೂ ಬಾಯ್ಲರ್ ಖಾಲಿ ಮಾಡಿ ಮನೆಯ ಆರ್‌ಒ ನೀರು ತುಂಬಿಸಿದೆ. ಟಿಡಿಎಸ್ ಆರೋ ಏಳೋ.

ವಾರ ಕಳೆಯಲಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ, ಬೆಳಿಗ್ಗೆ ಇನ್ನೂ ಕತ್ತಲೆ. ಪಂಪು ನಿಲ್ಲುತ್ತಲೇ ಇಲ್ಲ. ಸ್ಟೀಮ್ ಬಾಯ್ಲರ್ ತುಂಬಿ, ಮೇಲಿನ ವ್ಯಾಕ್ಯೂಮ್ ವಾಲ್ವಿನಿಂದ ನೀರು ಉಕ್ಕಿ ಕಡಪ ಕಲ್ಲಿನ ಮೇಲೆಲ್ಲ ಹರಿಯಿತು. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಅದೇ. ಮಾರಿದವರಿಗೆ ಫೋನು ಮಾಡಿದೆ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಒಬ್ಬರು ಬಂದರು, ಬಸ್ಸು ಚಾರ್ಜು, ಫೀಸು ಸೇರಿ ಒಂಬತ್ತು ಸಾವಿರ. ಕಂಟ್ರೋಲ್ ಬೋರ್ಡು ಹೋಗಿದೆ ಎಂದರು. ಹೊಸ ಬೋರ್ಡು ಬರಲು ಮೂರು ವಾರ, ಹದಿನೇಳು ಸಾವಿರ, ಕೂರಿಸಲು ಇನ್ನೊಂದು ಸಲ ಬಂದದ್ದಕ್ಕೆ ಬೇರೆ. ಅವರು ಹೋಗಿ ಮೂರನೆಯ ದಿನ ಮತ್ತೆ ಕಡಪ ಕಲ್ಲಿನ ಮೇಲೆ ನೀರು. ಆ ದಿನ ಮನೆಯಲ್ಲಿ ಯಾರೂ ನನ್ನ ಹತ್ತಿರ ಮಾತಾಡಲಿಲ್ಲ.

ಆ ರಾತ್ರಿ ನಾನೇ ಮುಚ್ಚಳ ಬಿಚ್ಚಿದೆ. ಬಾಯ್ಲರಿನ ತಲೆಯ ಮೇಲೆ ಒಂದು ಲೆವೆಲ್ ಪ್ರೋಬ್ ಇರುತ್ತದೆ. ನೀರು ಅದಕ್ಕೆ ತಾಗಿದಾಗ ಸಣ್ಣ ಕರೆಂಟು ನೀರಿನ ಮೂಲಕ ಬಾಯ್ಲರಿನ ಮೈಗೆ ಹರಿದರೆ ಮಾತ್ರ ಬೋರ್ಡು ಪಂಪನ್ನು ನಿಲ್ಲಿಸುತ್ತದೆ. ಪ್ರೋಬಿನ ವಯರು ಕಳಚಿ ನೇರ ಬಾಯ್ಲರಿನ ಮೈಗೆ ತಾಗಿಸಿದೆ. ಪಂಪು ತಟ್ಟನೆ ನಿಂತಿತು. ಅಂದರೆ ಬೋರ್ಡು ಸರಿ, ವಯರು ಸರಿ. ಆರ್‌ಒ ನೀರಿನಲ್ಲಿ ಕರೆಂಟು ಹರಿಯಲು ಬೇಕಾದ ಲವಣವೇ ಇಲ್ಲ! ಹಳೆ ಬೋರ್ಡು ಈಗಲೂ ಕಪಾಟಿನಲ್ಲಿ ಉಂಟು, ಗಟ್ಟಿಮುಟ್ಟಾಗಿದೆ. ಈ ಎರಡು ನಿಮಿಷದ ಪರೀಕ್ಷೆ ಗೊತ್ತಿದ್ದರೆ ಮೂವತ್ತು ಸಾವಿರದಷ್ಟು ಉಳಿಯುತ್ತಿತ್ತು. (ಬಿಚ್ಚುವ ಮೊದಲು ಪ್ಲಗ್ ತೆಗೆಯಿರಿ. ವಯರು ತಾಗಿಸಲು ಬೇರೆ ತುಂಡು ವಯರು, ಕ್ಲಿಪ್ಪು ಮೊದಲೇ ಕಟ್ಟಿಟ್ಟು ಆಮೇಲೆ ಆನ್ ಮಾಡಿ.)

ಪರಿಹಾರ ಸುಲಭದ್ದು. ಆರ್‌ಒ ನೀರಿಗೆ ಲೀಟರಿಗೆ 100 ಮಿಲಿಗ್ರಾಂ ಪೊಟ್ಯಾಸಿಯಂ ಬೈಕಾರ್ಬೊನೇಟ್. ಒಂದು ಲೀಟರ್ ಬಾಟಲಿಯಲ್ಲಿ 10 ಗ್ರಾಂ ಕರಗಿಸಿ ಇಟ್ಟಿದ್ದೇನೆ, ಅದರಿಂದ ಲೀಟರಿಗೆ 10 ಮಿಲಿ. ಫುಡ್ ಗ್ರೇಡಿನದ್ದು ಅರ್ಧ ಕಿಲೋ ಡಬ್ಬಿಗೆ ಆರುನೂರು ರೂಪಾಯಿ ಕೊಟ್ಟ ನೆನಪು, ವರ್ಷಗಟ್ಟಲೆ ಸಾಕು. ಪ್ರೋಬ್ ಕೆಲಸ ಮಾಡಿತು, ಕಿಲುಬಿನ ಭಯ ಹೋಯಿತು, ಸುಣ್ಣ ಕಟ್ಟುವ ಪ್ರಶ್ನೆಯೇ ಇಲ್ಲ. ನಾನು ನಿರೀಕ್ಷಿಸದ ಇನ್ನೊಂದೂ ಆಯಿತು: ಕಾಫಿಯ ಹುಳಿ ಅರ್ಧಕ್ಕರ್ಧ ಇಳಿಯಿತು. ಬೀಜದ ಹುಳಿಯನ್ನು ತಡೆದು ನಿಲ್ಲಿಸುವ ಕ್ಷಾರ ಬಾವಿ ನೀರಿನಲ್ಲೂ ಇರಲಿಲ್ಲ, ಆರ್‌ಒದಲ್ಲೂ ಇರಲಿಲ್ಲ. ಒಂದು ವರ್ಷ ನಾನು ಪುಡಿ ಒತ್ತುವ ಟ್ಯಾಂಪರು ಬದಲಾಯಿಸಿದೆ, ಪುಡಿ ತುಂಬುವ ಬಾಸ್ಕೆಟ್ ಬದಲಾಯಿಸಿದೆ, ಸೂಜಿಯಲ್ಲಿ ಪುಡಿ ಕೆದಕಿ ಕೆದಕಿ ನೋಡಿದೆ. ದೊಡ್ಡಪ್ಪನ ನಾಲಿಗೆ ಮೊದಲ ದಿನವೇ ಹೇಳಿದ್ದು ನೀರಿನ ವಿಷಯವನ್ನು.

ಇದಾದ ಮೇಲೆ ಮಳೆಗಾಲದ ಪುಡಿ. ಹೊರದೇಶದವರು ಬೀಜಕ್ಕೆ ನೀರು ಚಿಮುಕಿಸಿ ಅರೆಯಿರಿ, ಪುಡಿ ಅಂಟುವುದಿಲ್ಲ ಅನ್ನುತ್ತಾರೆ. ಅದು ಒಣಹವೆಯ ಊರಿನ ಬುದ್ಧಿ. ನಮ್ಮಲ್ಲಿ ಡಿಸೆಂಬರಿನ ಕೆಲವು ಬೆಳಿಗ್ಗೆ ಬಿಟ್ಟರೆ ಆ ತೊಂದರೆಯೇ ಇಲ್ಲ. ಜುಲೈಯಲ್ಲಿ ಚಿಮುಕಿಸಿದೆ, ಬರ್‌ಗಳ ಮಧ್ಯೆ ಪುಡಿ ಹಿಟ್ಟಿನ ಮುದ್ದೆಯ ಹಾಗೆ ಮೆತ್ತಿಕೊಂಡಿತು. ಜನವರಿಯಲ್ಲಿ 28 ಸೆಕೆಂಡಿಗೆ ಇಳಿಯುತ್ತಿದ್ದ ಶಾಟು (ಒಂದು ಸಲದ ಎಸ್‌ಪ್ರೆಸೊ) ಆಟಿಯಲ್ಲಿ ಗ್ರೈಂಡರಿನ ಅದೇ ನಂಬರಿಗೆ 45 ದಾಟಿ ತೊಟ್ಟಿಕ್ಕುತ್ತಿತ್ತು. ಈಗ ಗ್ರೈಂಡರಿನ ಮೇಲೆ ಬೀಜ ತುಂಬಿಡುವ ಹಾಪರ್ ತೆಗೆದೇ ಇಟ್ಟಿದ್ದೇನೆ. ಹುರಿದ ಹತ್ತು ಹನ್ನೆರಡು ದಿನಕ್ಕೆ, ಒಂದೊಂದು ಶಾಟಿಗೆ ಬೇಕಾದಷ್ಟೇ ಬೀಜವನ್ನು ರಬ್ಬರು ಮುಚ್ಚಳದ ಸಣ್ಣ ಗಾಜಿನ ಬಾಟಲಿಗಳಲ್ಲಿ ತುಂಬಿ ಫ್ರೀಜರಿನಲ್ಲಿಡುತ್ತೇನೆ. ಮಣಿಪಾಲದಲ್ಲಿ ಲ್ಯಾಬ್ ಸಾಮಾನಿನವರ ಹತ್ತಿರ ಅರವತ್ತು ಬಾಟಲಿಗೆ ಏಳುನೂರೋ ಎಂಟುನೂರೋ ಆಯಿತು. ಹೊರಗೆ ತೆಗೆದ ಮೇಲೆ ಕೈಯಲ್ಲಿ ಹಿಡಿದು ನಿಲ್ಲಬೇಡಿ, ನಮ್ಮ ಗಾಳಿಗೆ ಅರೆಗಳಿಗೆಯಲ್ಲಿ ಬೀಜ ಬೆವರುತ್ತದೆ. ಮುಚ್ಚಳ ತೆಗೆದ ಕೂಡಲೇ ಗ್ರೈಂಡರಿಗೆ. ಆದರೂ ಮಳೆ ಹಿಡಿದಾಗ ಎರಡು ಗೆರೆ ದಪ್ಪಕ್ಕೆ ತಿರುಗಿಸಲೇಬೇಕು.

ಬೀಜದ ವಿಷಯ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಎಸ್. 795 ತಳಿಯ ಅರೇಬಿಕಾವನ್ನು ಮೊದಮೊದಲು ನಸು ಹುರಿದದ್ದೇ ತರಿಸಿ, ಯಂತ್ರದ ನೀರನ್ನು 93 ಡಿಗ್ರಿಗೆ ಇಟ್ಟು ಇಳಿಸುತ್ತಿದ್ದೆ. ಹಾಲಿಲ್ಲದೆ ಕುಡಿಯುವವರಿಗೆ ಚಂದ, ಹಾಲು ಹಾಕುವ ಮನೆಗಲ್ಲ. ರೊಬಸ್ಟಾ ಅಂದರೆ ಮೂಗು ಮುರಿಯುವ ಗೆಳೆಯರಿಗೆ ನಾನು ಒಂದೇ ಮಾತು ಹೇಳುವುದು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಪಣಂಬೂರಿನ ಬಂದರಿನಿಂದ ಹಡಗು ಹತ್ತಿ ಹೋಗುವ ನಮ್ಮ ರೊಬಸ್ಟಾ ಅವರ ಎಸ್‌ಪ್ರೆಸೊದಲ್ಲಿ ಕೂತಿರುತ್ತದೆ. ಆಗುಂಬೆ ಹತ್ತಿ ಕೊಪ್ಪದ ಕಡೆ ಹೋಗಿ, ತೊಳೆದ ರೊಬಸ್ಟಾ ಪೀಬೆರಿ (ಹಣ್ಣಿಗೆ ಒಂದೇ ಇರುವ ಗುಂಡು ಬೀಜ) ತಂದೆ. ಮೊದಲ ಶಾಟು ಸುಟ್ಟ ಟಯರಿನ ಹಾಗಿತ್ತು. ಉಷ್ಣತೆ ಇಳಿಸುತ್ತಾ ಬಂದೆ, 91, 90, ಕೊನೆಗೆ 89. ಅಲ್ಲಿ ಕೂತಿತು. ಈಗ ಎಸ್. 795 ನೂರಕ್ಕೆ ಅರವತ್ತು, ಪೀಬೆರಿ ಇಪ್ಪತ್ತೈದು. ಉಳಿದ ಹದಿನೈದು ಯಾವುದೆಂದು ಹೇಳುವುದಿಲ್ಲ, ಅದಕ್ಕೆ ನಾನು ಹತ್ತು ತಿಂಗಳು ಕೂತಿದ್ದೇನೆ. 17 ಗ್ರಾಂ ಪುಡಿ, 30 ಗ್ರಾಂ ಕಾಫಿ, ಪಂಪಿನ ಒತ್ತಡ ಇಲ್ಲದೆ ಎಂಟು ಸೆಕೆಂಡು ನೆನೆಯಲು ಬಿಟ್ಟು ಒಟ್ಟು 32ರ ಹತ್ತಿರ. ನೆನೆಯುವ ಹೊತ್ತಿಗೆ ಲಿವರಿನಲ್ಲಿ ಒಂದು ಸಣ್ಣ ಕೈಚಳಕ ಮಾಡುತ್ತೇನೆ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಮಧ್ಯೆ ಮಾಡಿದ ಕೆಲವು ಪ್ರಯೋಗ ಹೇಳದೆ ಬಿಡಲಾಗದು. ಅಮ್ಮನ ಒತ್ತಾಯಕ್ಕೆ ಇಪ್ಪತ್ತು ಶೇಕಡಾ ಚಿಕೋರಿಯ ಮನೆಪುಡಿಯನ್ನೇ ಬಾಸ್ಕೆಟ್ಟಿಗೆ ತುಂಬಿದೆ. ಚಿಕೋರಿ ನೀರು ಕುಡಿದು ಉಬ್ಬಿ ಬೆಲ್ಲದ ಪಾಕದ ಹಾಗೆ ಜಾಲರಿಗೆ ಅಂಟಿತು. ಒಂದು ಹನಿ ಇಳಿಯಲಿಲ್ಲ, ಗ್ರೂಪಿನಿಂದ ನೀರು ಇಳಿಯುವ ಶವರ್ ಸ್ಕ್ರೀನನ್ನು ಒಂದು ರಾತ್ರಿ ನೆನೆಹಾಕಬೇಕಾಯಿತು. ಮಾಡಬೇಡಿ. ಇನ್ನೊಂದು, ಮಾನ್ಸೂನ್ಡ್ ಮಲಬಾರ್. ಮಂಗಳೂರಿನ ಕ್ಯೂರಿಂಗ್ ಗೋದಾಮುಗಳಲ್ಲಿ ಅರೇಬಿಕಾ ಚೆರ್ರಿಯನ್ನು (ಹಣ್ಣಿನ ಸಮೇತ ಒಣಗಿಸಿ ಸುಲಿದ ಬೀಜ) ನೆಲಕ್ಕೆ ಹರಡಿ ಮಳೆಗಾಲದ ಗಾಳಿ ಕುಡಿಸಿ, ಉಬ್ಬಿಸಿ, ಬಣ್ಣ ಬಿಳಿಚಿಸುತ್ತಾರಲ್ಲ, ಅದು ನನ್ನ ಅಟ್ಟದಲ್ಲಿ ಯಾಕಾಗಬಾರದು ಎಂದು ಎರಡು ಕಿಲೋ ಚಾಪೆಯ ಮೇಲೆ ಹರಡಿದೆ. ದಿನಕ್ಕೆ ಎರಡು ಸಲ ಕೈಯಾಡಿಸಿದರೂ ಎಂಟನೆಯ ದಿನಕ್ಕೆ ಹಸಿರು ಬೂಷ್ಟು. ಪೂರ್ತಿ ತೆಂಗಿನ ಬುಡಕ್ಕೆ ಹೋಯಿತು. ಆ ಗೋದಾಮಿನ ಕೆಲಸದವರ ಕೈಗುಣಕ್ಕೆ ಅಂದಿನಿಂದ ನನಗೆ ದೊಡ್ಡ ಗೌರವ. ಅಂಗಡಿಯ ಮಾನ್ಸೂನ್ಡ್ ಬೀಜದಲ್ಲಿ ಹುಳಿಯೇ ಇಲ್ಲ, ಕ್ರೆಮಾ (ಕಾಫಿಯ ಮೇಲಿನ ಕಂದು ನೊರೆ) ದಪ್ಪ, ಬೀಜ ಮೆದು. ಗ್ರೈಂಡರು ಇನ್ನಷ್ಟು ಸಣ್ಣಕ್ಕೆ ಬೇಕು. ನನ್ನ ಹದಿನೈದು ಅದಲ್ಲ.

ಹಾಲಿನ ಜಗಳ ಆರು ತಿಂಗಳು ನಡೆಯಿತು. ನಮ್ಮ ಮನೆಯಲ್ಲಿ ಪ್ಯಾಕೆಟ್ ಬಂದ ಕೂಡಲೇ ಹಾಲು ಕಾಯಿಸಿ ಇಡುವುದು ಕ್ರಮ. ಕಾಯಿಸಿದ ಹಾಲಿಗೆ ಸ್ಟೀಮ್ ಹಿಡಿದರೆ ನೊರೆ ದಪ್ಪ ಗುಳ್ಳೆಯಾಗುತ್ತದೆ, ರೇಷ್ಮೆಯಂತೆ ಬರುವುದಿಲ್ಲ. "ಕಾಯಿಸದ ಹಾಲನ್ನು ದೊಡ್ಡಪ್ಪನಿಗೆ ಕೊಡ್ತೀಯಾ?" ಎಂದು ಅಮ್ಮ. ಪ್ಯಾಕೆಟ್ಟಿನದ್ದು ಪಾಶ್ಚರೀಕರಿಸಿದ ಹಾಲು ಎಂದು ನಾಲ್ಕು ಸಲ ಹೇಳಿದ ಮೇಲೆ ನನ್ನ ಪ್ಯಾಕೆಟ್ ಬೇರೆ ಇಡಲು ಒಪ್ಪಿದರು. ನಂದಿನಿಯ ನೀಲಿ ಪ್ಯಾಕೆಟ್ಟಿಗಿಂತ ಶುಭಂ ಒಳ್ಳೆಯದು, ಕೊಬ್ಬು ಹೆಚ್ಚು. 62 ಡಿಗ್ರಿಗೆ ನಿಲ್ಲಿಸಬೇಕೆಂಬ ನಿಯಮವನ್ನೂ ನಾನು ಬಿಟ್ಟೆ. ಇಲ್ಲಿನವರಿಗೆ ಅದು ಆರಿದ ಕಾಫಿ. 68ಕ್ಕೆ ಒಯ್ಯುತ್ತೇನೆ, ಲೋಟವನ್ನು ಬಿಸಿನೀರಿನಲ್ಲಿ ತೊಳೆದು ಹಾಕುತ್ತೇನೆ. ದೊಡ್ಡಪ್ಪ ಎರಡನೆಯದು ಕೇಳಿದ್ದು ಈ ಲೋಟವನ್ನೇ.

ಉಸ್ತುವಾರಿಯಲ್ಲಿ ಹೆಚ್ಚೇನಿಲ್ಲ. ದಿನವೂ ಡಿಟರ್ಜೆಂಟ್ ಹಾಕಿ ಬ್ಯಾಕ್‌ಫ್ಲಶ್ (ನೀರನ್ನು ಗ್ರೂಪಿನೊಳಗೇ ಹಿಂದಕ್ಕೆ ನುಗ್ಗಿಸಿ ತೊಳೆಯುವುದು) ಮಾಡಿ ಲಿವರಿನ ಗ್ರೀಸೆಲ್ಲ ತೊಳೆದುಹೋಗಿ ಕಿರ್ರೆನ್ನಲು ಶುರುವಾಯಿತು. ಈಗ ದಿನವೂ ಬರೀ ನೀರು, ಡಿಟರ್ಜೆಂಟ್ ತಿಂಗಳಿಗೊಮ್ಮೆ, ಆಮೇಲೆ ಫುಡ್ ಗ್ರೇಡ್ ಸಿಲಿಕೋನ್ ಗ್ರೀಸು. ಗ್ರೂಪಿನ ರಬ್ಬರು ಉಂಗುರ, ಗ್ಯಾಸ್ಕೆಟ್, 8 ಮಿ.ಮೀ.ಯದ್ದು ತರಿಸಿ ಸೋರಿತು, ನನ್ನದಕ್ಕೆ 8.5 ಬೇಕು. ಟೈಮರ್ ಪ್ಲಗ್ ಐದು ಗಂಟೆಗೆ ಆನ್ ಆಗುತ್ತದೆ, ದಿನಕ್ಕೆ ಒಂದೂವರೆ ಯೂನಿಟ್ಟಿನ ಆಸುಪಾಸು. ಎಲ್ಲ ಕೂಡಿಸಿದರೆ ಮೂರು ಲಕ್ಷ ಮೂವತ್ತು ಸಾವಿರದ ಹತ್ತಿರ ಹೋಗಿರಬಹುದು. ಎರಡು ಮಳೆಗಾಲ ಕಳೆದು ಮೂರನೆಯದು ನಡೆಯುತ್ತಿದೆ, ಮೈಯಲ್ಲಿ ತುಕ್ಕಿನ ಒಂದು ಚುಕ್ಕೆ ಇಲ್ಲ.

ಆಲ್ಟೊ ಅಂದಿದ್ದ ಭಾವ ಮೊನ್ನೆ ಫೋನು ಮಾಡಿ, ಹಳೆ ಗ್ರೈಂಡರು ಎಲ್ಲಾದರೂ ಸಿಕ್ಕಿದರೆ ಹೇಳಿ ಎಂದರು. ಅವರ ಮನೆ ಕಾಪುವಿನಲ್ಲಿ, ಕಡಲಿಗೆ ಅರ್ಧ ಕಿಲೋಮೀಟರು ಇಲ್ಲ. ಮಾರ್ಚ್ ಕಳೆದರೆ ಬಾವಿಗೆ ಉಪ್ಪು ಬರುತ್ತದೆ. ಆ ಕ್ಲೋರೈಡು ಸ್ಟೀಲಿನ ಬಾಯ್ಲರನ್ನೇ ತಿನ್ನುತ್ತದೆ, ನನ್ನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಗ್ರೈಂಡರು ಆಮೇಲೆ ನೋಡುವಾ ಭಾವ, ಭಾನುವಾರ ಬರುವಾಗ ನಿಮ್ಮ ಬಾವಿಯ ನೀರು ಒಂದು ಬಾಟಲಿ ತನ್ನಿ ಎಂದಿದ್ದೇನೆ.