ನಾಲ್ಕು ಪ್ಲಗ್, ನಾಲ್ಕು ಕಾಯಿಲ್, ಒಂದು ಆರ್‌ಎಕ್ಸ್

ದಾವಣಗೆರೆಯಲ್ಲಿ "ಆರ್‌ಎಕ್ಸ್ ತಗೊಂಡೆ" ಅಂದರೆ ಯಾರ ಕಣ್ಣ ಮುಂದೆಯೂ ಬರುವುದು ಹಳೇ ಟೂ ಸ್ಟ್ರೋಕ್ ಬೈಕು, ಯಮಹಾ ಆರ್‌ಎಕ್ಸ್ 100. ಬೆಂಗಳೂರಿನಿಂದ ಕಾರು ತಂದು ಮನೆ ಮುಂದೆ ನಿಲ್ಲಿಸಿದ ದಿನ ಅಪ್ಪಾಜಿ ಹೊರಗೆ ಬಂದು ಕೇಳಿದ್ದೂ ಅದೇ. "ಆರ್‌ಎಕ್ಸ್ ತರ್ತೀನಿ ಅಂದಿದ್ದೆಲ್ಲೋ, ಇದೇನಿದು?" ಇದೂ ಆರ್‌ಎಕ್ಸೇ, ಆದರೆ ಮಜ್ದಾ ಆರ್‌ಎಕ್ಸ್-8. ಬಾನೆಟ್ ಎತ್ತಿ ತೋರಿಸಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ಐದು ನಿಮಿಷ ನೋಡಿ, "ಪಿಸ್ಟನ್ ಎಲ್ಲೈತಿ?" ಅಂದರು. "ಇಲ್ಲ ಅಪ್ಪಾಜಿ" ಅಂದೆ. ಇದು ರೋಟರಿ ಎಂಜಿನ್, ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುತ್ತದೆ. ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಇಡೀ ಆಯುಷ್ಯ ಲೇತ್ ಮುಂದೆ ಕಳೆದವರು ಅವರು. ಮಗ ತಮಾಷೆ ಮಾಡುತ್ತಿದ್ದಾನೆ ಅಂತ ಒಳಗೆ ಹೋಗಿಬಿಟ್ಟರು.

ನನ್ನದು ಪಿ.ಬಿ. ರಸ್ತೆ ಹತ್ತಿರ ಸಣ್ಣ ಆಟೊ ಎಲೆಕ್ಟ್ರಿಕಲ್ ಅಂಗಡಿ. ದಿನಾ ಬರುವುದು ಲಾರಿ, ಟ್ರ್ಯಾಕ್ಟರ್, ಗೂಡ್ಸ್ ಆಟೊ. ಸೆಲ್ಫ್ ಮೋಟರ್ ಬಿಚ್ಚು, ಆಲ್ಟರ್ನೇಟರ್ ಕಟ್ಟು, ಹೆಡ್‌ಲೈಟ್ ವೈರಿಂಗ್ ಮಾಡು. ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಹಾಗಾಗಿ ಕಿಡಿ ಹಾರಿಸುವ ಪ್ಲಗ್ಗು, ಅದಕ್ಕೆ ವೋಲ್ಟೇಜ್ ಎತ್ತಿ ಕೊಡುವ ಕಾಯಿಲ್ಲಿನ ಜೊತೆ ನನಗೆ ಒಡನಾಟ ಕಮ್ಮಿಯಾಗಿ ಬಹಳ ವರ್ಷವಾಗಿತ್ತು. ಈ ಕಾರು ಅದನ್ನೆಲ್ಲ ಬಡ್ಡಿ ಸಮೇತ ವಸೂಲಿ ಮಾಡಿತು.

ಕಾರು 2005ರ ಮಾಡೆಲ್. ಹೊರದೇಶದಿಂದ ಬಂದದ್ದು, 71,000 ಕಿಲೋಮೀಟರ್ ಓಡಿತ್ತು. ಸರ್ವಿಸ್ ಪುಸ್ತಕದಲ್ಲಿ ಮೊದಲ ಮೂರು ಹಾಳೆ ಬಿಟ್ಟರೆ ಉಳಿದದ್ದು ಖಾಲಿ. ಮಾರಿದವರು "ಎಂಜಿನ್ ಬೆಣ್ಣೆ ಇದ್ದಂಗಿದೆ" ಅಂದರು. ಬೆಣ್ಣೆ ದೋಸೆ ಊರಿನವನಿಗೆ ಬೆಣ್ಣೆ ಅಂದರೆ ನಂಬದೇ ಇರೋಕಾಗುತ್ತಾ? ತಗೊಂಡು ಹೊರಟೆ. ತುಮಕೂರು ದಾಟುವವರೆಗೂ ಬೆಣ್ಣೆನೇ. ಶಿರಾ ಆದಮೇಲೆ ಓವರ್‌ಟೇಕ್ ಮಾಡಲು ಕಾಲು ಒತ್ತಿದರೆ 5,000 ಆರ್‌ಪಿಎಂ ಹತ್ತಿರ ಗಾಡಿ ಎಡವಿದ ಹಾಗೆ. ಚಿತ್ರದುರ್ಗದ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ಚೆಕ್ ಎಂಜಿನ್ ದೀಪ ಮಿಣುಕತೊಡಗಿತು. ಆ ದೀಪ ಸುಮ್ನೆ ಉರಿದರೆ ಮನೆಗೆ ಹೋಗಿ ನೋಡಿಕೊಳ್ಳಬಹುದು. ಮಿಣುಕಿದರೆ ಮಿಸ್ಸಿಂಗ್, ಅಂದರೆ ಒಳಗೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ, ಕಾಲು ಎತ್ತಲೇಬೇಕು. 3,000 ದಾಟಿಸದೆ, ಲಾರಿಗಳ ಹಿಂದೆ ಲಾರಿಯ ಹಾಗೆ ದಾವಣಗೆರೆಗೆ ಬಂದೆ. ಇಳಿದಾಗ ಕಾರಿನ ಕೆಳಗಿಂದ ಕೊಳೆತ ಮೊಟ್ಟೆ ವಾಸನೆ, ಗೇರ್ ಲಿವರ್ ಪಕ್ಕದ ನೆಲ ಒಲೆ ಪಕ್ಕದ ಗೋಡೆಯಷ್ಟು ಬಿಸಿ.

ರೋಟರಿಯಲ್ಲಿ ಮಿಸ್ಸಿಂಗನ್ನು ಹಗುರವಾಗಿ ತಗೊಳ್ಳಬಾರದು ಅನ್ನುವುದಕ್ಕೆ ಕಾರಣ ಈ ಬಿಸಿ. ಉರಿಯದ ಪೆಟ್ರೋಲ್ ನೇರವಾಗಿ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಅದು ಕಾದು ಒಳಗಿನ ಜೇನುಗೂಡು ಕರಗಿ ಕಟ್ಟಿಕೊಂಡರೆ ಹೊಗೆಗೆ ದಾರಿ ಇಲ್ಲ. ಆ ಬಿಸಿ, ಆ ಒತ್ತಡ ಎರಡೂ ವಾಪಸ್ ಎಂಜಿನ್ ಸೀಲ್‌ಗಳ (ರೋಟರ್ ಅಂಚಿನಲ್ಲಿ ಒತ್ತಡ ಸೋರದಂತೆ ತಡೆಯುವ ಪಟ್ಟಿಗಳು) ಮೇಲೆ ಬೀಳುತ್ತದೆ. ಒಂದು ಕಾಯಿಲ್ ಉಳಿಸಲು ಹೋಗಿ ಎಂಜಿನ್ ಕಳೆದುಕೊಳ್ಳುವ ದಾರಿ ಇದೇ.

ಇಲ್ಲಿ ಕಾಯಿಲ್‌ಗೆ ಕೆಲಸವೂ ಜಾಸ್ತಿ. ಎರಡು ರೋಟರ್, ಒಂದೊಂದಕ್ಕೆ ಎರಡು ಪ್ಲಗ್. ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ರೋಟರ್ ತಿರುಗಿದಂತೆ ಉರಿಯುವ ಜಾಗವೂ ಉದ್ದಕ್ಕೆ, ತೆಳ್ಳಗೆ, ಗೋಡೆಗುಂಟ ಸರಿಯುತ್ತಾ ಹೋಗುತ್ತದೆ. ಒಂದೇ ಕಿಡಿ ಅಷ್ಟು ದೂರ ಮುಟ್ಟುವುದಿಲ್ಲ, ಅದಕ್ಕೇ ಎರಡು. (1991ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಮಜ್ದಾ 787ಬಿಯಲ್ಲಿ ರೋಟರ್‌ಗೆ ಮೂರು ಪ್ಲಗ್ ಇದ್ದವು.) ಮಾಮೂಲಿ ನಾಲ್ಕು ಸ್ಟ್ರೋಕ್ ಕಾರಿನಲ್ಲಿ ಎಂಜಿನ್ ಎರಡು ಸುತ್ತು ತಿರುಗಿದರೆ ಒಂದು ಸಿಲಿಂಡರ್ ಒಂದು ಸಲ ಉರಿಯುತ್ತದೆ. ಇದರಲ್ಲಿ ಶಾಫ್ಟ್‌ನ ಪ್ರತಿ ಸುತ್ತಿಗೂ ಒಂದೊಂದು ರೋಟರ್ ಒಂದು ಸಲ ಉರಿಯಬೇಕು. 9,000 ಆರ್‌ಪಿಎಂನಲ್ಲಿ ಒಂದು ಕಾಯಿಲ್ ಸೆಕೆಂಡಿಗೆ 150 ಕಿಡಿ ಕೊಡಬೇಕು. ಅಪ್ಪಾಜಿಗೆ ಇದನ್ನು ಹೇಳಿದಾಗ "ಅಂದ್ರೆ ಟೂ ಸ್ಟ್ರೋಕ್ ಲೆಕ್ಕ" ಅಂದರು. ಕಿಡಿಯ ಲೆಕ್ಕದಲ್ಲಿ ಹೌದು. ಎಂಜಿನ್ ಆಯಿಲನ್ನೂ ಸ್ವಲ್ಪ ಸ್ವಲ್ಪ ಸುಡುತ್ತದೆ ಅಂದಮೇಲಂತೂ, "ಮತ್ತೆ ನಾ ಮೊದಲೇ ಕೇಳಿದ ಆರ್‌ಎಕ್ಸ್ ಸರೀನೇ ಐತಲ್ಲ" ಅಂದು ನಕ್ಕರು. ಅವತ್ತಿನಿಂದ ಅವರೂ ಕೆಲಸಕ್ಕೆ ಇಳಿದರು.

ಸ್ಕ್ಯಾನರ್ ಹಾಕಿದರೆ ಪಿ0302 ಅಂತ ಕೋಡ್ ಬಂತು. ಎರಡನೇ ರೋಟರ್‌ನಲ್ಲಿ ಮಿಸ್ಸಿಂಗ್. ಯಾಕೆ ಅಂತ ಅದು ಹೇಳುವುದಿಲ್ಲ. ರಾತ್ರಿ ಬೀದಿಯಲ್ಲಿ ಕರೆಂಟ್ ಹೋದ ಹೊತ್ತು ನೋಡಿ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿದ್ದಾಗ ಪ್ಲಗ್ ವೈರ್‌ಗಳ ಸುತ್ತ ಸಣ್ಣ ಸ್ಪ್ರೇ ಬಾಟಲಿಯಿಂದ ನೀರಿನ ಮಂಜು ಹಾರಿಸಿದೆ. ಹಳೇ ಪೆಟ್ರೋಲ್ ಗಾಡಿಗಳ ಕಾಲದ ಟ್ರಿಕ್ಕು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದು ವೈರಿನ ರಬ್ಬರ್ ಟೋಪಿಯ ಬುಡದಿಂದ ಪಕ್ಕದ ಬ್ರಾಕೆಟ್ಟಿಗೆ ಕೂದಲೆಳೆಯಷ್ಟು ನೀಲಿ ಗೆರೆ ಹಾರಿತು. ಚಟ್, ಚಟ್, ಚಟ್. ಎರಡನೇ ರೋಟರ್‌ನ ಲೀಡಿಂಗ್ ವೈರು. ಒಳಗೆ ಕಿಡಿ ಆಗಬೇಕಾದ ಕರೆಂಟ್ ಹೊರಗೆ ಪೋಲಾಗುತ್ತಿತ್ತು. ಈ ಟ್ರಿಕ್ ಮಾಡುವವರು ಕೈ ಒಳಗೆ ಹಾಕಬೇಡಿ. ಇದು ಬ್ಯಾಟರಿಯ 12 ವೋಲ್ಟ್ ಅಲ್ಲ, ಸಾವಿರಗಟ್ಟಲೆ ವೋಲ್ಟ್.

ಕಳ್ಳ ಸಿಕ್ಕ ಅಂದುಕೊಂಡೆ. ಆದರೂ ಸಮಾಧಾನ ಆಗಲಿಲ್ಲ. ಎಂಜಿನ್ ತಣ್ಣಗಾದ ಮೇಲೆ ಎರಡು ರೋಟರ್‌ಗಳ ಲೀಡಿಂಗ್ ಕಾಯಿಲ್‌ಗಳನ್ನು ಅದಲು ಬದಲು ಮಾಡಿ, ಕೋಡ್ ಅಳಿಸಿ, ಬಾತಿ ಗುಡ್ಡದ ಕಡೆ ಒಂದು ಸುತ್ತು ಹೋಗಿ ಬಂದೆ. ಈಗ ಪಿ0301. ಮಿಸ್ಸಿಂಗ್ ಕಾಯಿಲ್ ಜೊತೆಗೇ ಮೊದಲನೇ ರೋಟರ್‌ಗೆ ಎದ್ದು ಬಂದಿತ್ತು. ಅಂದರೆ ವೈರೂ ಹೋಗಿದೆ, ಕಾಯಿಲ್ಲೂ ಹೋಗಿದೆ. ಇದು ಕಾಕತಾಳೀಯ ಅಲ್ಲ. ಪ್ಲಗ್ ಸವೆದು ಗ್ಯಾಪ್ ದೊಡ್ಡದಾದರೆ ಕಿಡಿ ಹಾರಿಸಲು ಕಾಯಿಲ್ ಇನ್ನೂ ಜಾಸ್ತಿ ವೋಲ್ಟೇಜ್ ಎತ್ತಬೇಕು. ಆ ವೋಲ್ಟೇಜ್ ಎಲ್ಲಿ ಸಡಿಲ ಇದೆಯೋ ಅಲ್ಲಿ ತೂತು ಹುಡುಕುತ್ತದೆ, ವೈರಿನಲ್ಲೋ ಕಾಯಿಲ್ಲಿನ ಒಳಗೋ. ಸವೆದ ಪ್ಲಗ್ಗಿಗೆ ಹೊಸ ಕಾಯಿಲ್ ಹಾಕಿದರೆ ಹೊಸದನ್ನೂ ಅದೇ ದಾರಿಗೆ ಕಳಿಸಿದ ಹಾಗೆ. ಹಳೇ ರೋಟರಿ ತಗೊಂಡವರು ಪ್ಲಗ್, ವೈರ್, ಕಾಯಿಲ್ ಮೂರನ್ನೂ ಒಟ್ಟಿಗೇ ಬದಲಿಸಿ ಅಂತ ನಾನು ಹೇಳುವುದು ಅದಕ್ಕೇ. ದುಡ್ಡು ಒಂದೇ ಸಲ ಹೋಗುತ್ತದೆ, ನಿಜ. ಎರಡು ಸಲ ಹೋಗುವುದಕ್ಕಿಂತ ವಾಸಿ.

ಇನ್ನೊಂದು ಸತ್ಯ ಗೊತ್ತಾದದ್ದು ಮರುದಿನ. ಅಂಗಡಿಯ ಅಟ್ಟದ ಮೇಲೆ ಅಂಬಾಸಿಡರ್ ಕಾಲದ ಟೈಮಿಂಗ್ ಲೈಟ್ ಬಿದ್ದಿತ್ತು, ವೈರಿನಲ್ಲಿ ಕಿಡಿ ಹೋದಾಗಲೆಲ್ಲ ಮಿಂಚುವ ದೀಪ. ಧೂಳು ಒರೆಸಿ, ಅದರ ಕ್ಲಿಪ್ಪನ್ನು ಒಂದೊಂದೇ ವೈರಿಗೆ ಕಚ್ಚಿಸಿ ನೋಡಿದೆ. ಎರಡು ಲೀಡಿಂಗ್ ವೈರ್‌ಗಳಲ್ಲಿ ಒಂದು ಸರಿ, ಒಂದು ತಪ್ಪಿ ತಪ್ಪಿ ಮಿಂಚಿತು. ಎರಡನೇ ರೋಟರ್‌ನ ಟ್ರೇಲಿಂಗ್ ಸರಿ. ಮೊದಲನೇ ರೋಟರ್‌ನ ಟ್ರೇಲಿಂಗ್‌ಗೆ ಹಾಕಿದರೆ ಕತ್ತಲು. ಒಂದು ಮಿಂಚೂ ಇಲ್ಲ. ಆ ಕಾಯಿಲ್ ಪೂರ್ತಿ ಸತ್ತಿತ್ತು, ಆದರೂ ಅದರ ಬಗ್ಗೆ ಕಾರು ಒಂದು ಕೋಡೂ ಕೊಟ್ಟಿರಲಿಲ್ಲ. ಲೀಡಿಂಗ್ ಪ್ಲಗ್ ಬೆಂಕಿ ಹಚ್ಚುತ್ತಿರುವವರೆಗೆ ಎಂಜಿನ್ ಓಡುತ್ತದೆ. ಸ್ವಲ್ಪ ಸೋಮಾರಿಯಾಗಿ, ಪೆಟ್ರೋಲ್ ಜಾಸ್ತಿ ಕುಡಿದುಕೊಂಡು. ಹಿಂದಿನವರು ಎಷ್ಟು ತಿಂಗಳು ಮೂರೇ ಕಾಲಲ್ಲಿ ಓಡಿಸಿದ್ದರೋ ದೇವರಿಗೇ ಗೊತ್ತು. "ಕೋಡ್ ಇಲ್ಲ, ಹಾಗಾಗಿ ತೊಂದರೆ ಇಲ್ಲ" ಅನ್ನುವ ಮಾತನ್ನು ನಾನು ಅವತ್ತಿಗೇ ಬಿಟ್ಟೆ.

ಸಾಮಾನು ಇಲ್ಲಿ ಸಿಗಲ್ಲ. ದುಬೈಯಲ್ಲಿರುವ ಚಿಕ್ಕಪ್ಪನ ಮಗನಿಗೆ ಪಟ್ಟಿ ಕಳಿಸಿದೆ. ಕಾಯಿಲ್ ನಾಲ್ಕು, ವೈರ್ ಒಂದು ಸೆಟ್, ಎನ್‌ಜಿಕೆ ಪ್ಲಗ್ ನಾಲ್ಕು: ಲೀಡಿಂಗ್‌ಗೆ ಆರ್‌ಇ7ಎ-ಎಲ್ ಎರಡು, ಟ್ರೇಲಿಂಗ್‌ಗೆ ಆರ್‌ಇ9ಬಿ-ಟಿ ಎರಡು. ನಾಲ್ಕೂ ಒಂದೇ ತರಹದ್ದಲ್ಲ ಅಂತ ಅವನಿಗೆ ಮೂರು ಸಲ ಹೇಳಬೇಕಾಯಿತು.

ಅವು ಬರುವಷ್ಟರಲ್ಲಿ ಇನ್ನೊಂದು ಅವಾಂತರ. ಪಕ್ಕದ ಮನೆಯವರ ಮದುವೆ ಚಪ್ಪರಕ್ಕೆ ಜಾಗ ಬೇಕಿತ್ತು. ನಾನು ಅಂಗಡಿಯಲ್ಲಿದ್ದೆ. ಅಪ್ಪಾಜಿ ಕಾರು ಸ್ಟಾರ್ಟ್ ಮಾಡಿ ಇಪ್ಪತ್ತಡಿ ಮುಂದೆ ತಂದು ಆಫ್ ಮಾಡಿದರು. ಸಂಜೆ ಬಂದು ಕೀಲಿ ತಿರುಗಿಸಿದರೆ ಸೆಲ್ಫ್ ಗರಗರ ತಿರುಗುತ್ತದೆ, ಎಂಜಿನ್ ಹತ್ತುತ್ತಿಲ್ಲ. ಫ್ಲಡ್ ಆಗಿತ್ತು. ತಣ್ಣಗಿರುವ ರೋಟರಿ ಸ್ಟಾರ್ಟ್ ಆಗುವಾಗ ಪೆಟ್ರೋಲ್ ಜಾಸ್ತಿ ಸುರಿಸಿಕೊಳ್ಳುತ್ತದೆ. ಕಾಯುವ ಮೊದಲೇ ಆಫ್ ಮಾಡಿದರೆ ಅದು ಒಳಗೇ ನಿಂತು ಪ್ಲಗ್ಗನ್ನೂ ಒದ್ದೆ ಮಾಡುತ್ತದೆ, ಸೀಲ್ ಮೇಲಿನ ಆಯಿಲನ್ನೂ ತೊಳೆಯುತ್ತದೆ. ಕಿಡಿ ಮೊದಲೇ ಬಡವಾಗಿದ್ದರೆ ಮುಗಿಯಿತು. ಆಕ್ಸಿಲರೇಟರ್ ನೆಲಕ್ಕೆ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಹಾಗೆ ಒತ್ತಿದ್ದರೆ ಇಂಜೆಕ್ಟರ್ ಪೆಟ್ರೋಲ್ ಬಿಡುವುದಿಲ್ಲ, ಗಾಳಿ ಮಾತ್ರ ಓಡಾಡಿ ಒಣಗಿಸುತ್ತದೆ. ಹತ್ತು ಹತ್ತು ಸೆಕೆಂಡಿನಂತೆ, ನಡುವೆ ಸೆಲ್ಫಿಗೆ ಆರಲು ಬಿಟ್ಟು ಹೊಡೆದೆ. ಬ್ಯಾಟರಿ ಬಸವಳಿಯಿತು. ಅಂಗಡಿಯಿಂದ ಟ್ರ್ಯಾಕ್ಟರ್ ಬ್ಯಾಟರಿ ತಂದು ಜಂಪರ್ ಹಾಕಿದ ಮೇಲೆ ನಾಲ್ಕನೇ ಸಲಕ್ಕೆ ಹತ್ತಿತು. ಚಪ್ಪರದ ಕೆಳಗೆ ಕೂತವರೆಲ್ಲ ಹೊಗೆಯಲ್ಲಿ ಕಾಣೆಯಾದರು. ಅಪ್ಪಾಜಿ ಒಳಗಿಂದ ಹೊರಗೇ ಬರಲಿಲ್ಲ.

ಪಾರ್ಸೆಲ್ ಬಂದದ್ದು ಮೂರು ವಾರಕ್ಕೆ. ಭಾನುವಾರ ಬೆಳಿಗ್ಗೆ ಶುರು ಮಾಡಿದೆವು. ಪ್ಲಗ್‌ಗಳು ಎಂಜಿನ್‌ನ ಎಡಗಡೆ, ತೀರಾ ಕೆಳಗೆ ಇವೆ. ಮೇಲಿಂದ ಕೈ ಹೋಗುವುದಿಲ್ಲ. ಮುಂದಿನ ಎಡ ಚಕ್ರ ಬಿಚ್ಚಿ, ಜಾಕ್ ಸ್ಟ್ಯಾಂಡ್ ಕೊಟ್ಟು, ಚಕ್ರದ ಗೂಡಿನೊಳಗಿಂದ ಉದ್ದ ಎಕ್ಸ್‌ಟೆನ್ಷನ್ ಹಾಕಿ ಮಾಡಬೇಕು. ಪ್ಲಗ್ಗಿಗೆ 21ರ ಪಾನಾ. ಎಂಜಿನ್ ತಣ್ಣಗಿರಲೇಬೇಕು, ಯಾಕೆಂದರೆ ರೋಟರ್ ಹೌಸಿಂಗ್ ಅಲ್ಯೂಮಿನಿಯಂ, ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು. ವೈರ್ ತೆಗೆಯುವ ಮೊದಲು ಒಂದೊಂದಕ್ಕೂ ಟೇಪ್ ಸುತ್ತಿ ಗುರುತು ಬರೆದೆ. ಮೇಲಿನ ವೈರು ಕೆಳಗೆ, ಕೆಳಗಿನದು ಮೇಲೆ ಹೋದರೆ ಕಿಡಿಯ ಹೊತ್ತೇ ತಪ್ಪುತ್ತದೆ.

ಹಳೇ ಪ್ಲಗ್‌ಗಳನ್ನು ಹಳೇ ಪೇಪರ್ ಮೇಲೆ ಸಾಲಾಗಿ ಇಟ್ಟೆವು. ಎರಡನೇ ರೋಟರ್‌ನ ಲೀಡಿಂಗ್ ಕರ್ರಗೆ ಒದ್ದೆ, ಮೂಸಿದರೆ ಪೆಟ್ರೋಲ್. ಮೊದಲನೆಯ ಟ್ರೇಲಿಂಗ್ ಮೇಲೆ ಒಣ ಮಸಿ, ಬೆರಳಿಗೆ ಕಾಡಿಗೆಯ ಹಾಗೆ ಅಂಟಿತು. ಅಪ್ಪಾಜಿ ಹಳೆಯದೊಂದು, ಹೊಸದೊಂದು ಬೆಳಕಿಗೆ ಹಿಡಿದು, ಫೀಲರ್ ಗೇಜ್ ತರಲು ಎದ್ದರು. ಗ್ಯಾಪ್ ಸೆಟ್ ಮಾಡುವ ಹಳೇ ಅಭ್ಯಾಸ. "ಇದನ್ನ ಮುಟ್ಟಬಾರದು ಅಪ್ಪಾಜಿ, ಇರಿಡಿಯಂ ತುದಿ, ಮುರಿಯುತ್ತೆ" ಅಂದೆ. ಬೇಜಾರಾಯಿತು ಅವರಿಗೆ.

ಆದರೆ ಆ ಬೇಜಾರು ಕಳೆಯುವ ಕೆಲಸ ಮುಂದೆಯೇ ಇತ್ತು. ರೋಟರಿಯ ಕಂಪ್ರೆಷನ್ (ಸೀಲ್ ಗಟ್ಟಿ ಇದ್ದರೆ ಒಳಗೆ ಕಟ್ಟುವ ಗಾಳಿಯ ಒತ್ತಡ) ನೋಡುವ ಗೇಜ್ ನಮ್ಮಲ್ಲಿಲ್ಲ. ಮಾಮೂಲಿ ಗೇಜ್ ಹಾಕಿದರೆ ರೋಟರ್‌ನ ಮೂರು ಮುಖಗಳಲ್ಲಿ ಜಾಸ್ತಿ ಇರುವುದೊಂದನ್ನೇ ತೋರಿಸುತ್ತದೆ. ಅದಕ್ಕೆ ಪೆಟ್ರೋಲ್ ಪಂಪ್ ಫ್ಯೂಸ್, ಕಾಯಿಲ್ ಕನೆಕ್ಟರ್ ತೆಗೆದು, ಒಂದು ರೋಟರ್‌ನ ಲೀಡಿಂಗ್ ತೂತು ಮಾತ್ರ ಬಿಟ್ಟು ಸೆಲ್ಫ್ ಹೊಡೆದೆ. ಅಪ್ಪಾಜಿ ಚಕ್ರದ ಗೂಡಿನ ಹತ್ತಿರ ಸ್ಟೂಲ್ ಹಾಕಿಕೊಂಡು, ಕಣ್ಣು ಮುಚ್ಚಿ, ಕಿವಿ ಕೊಟ್ಟು ಕೂತರು. ಪುಸ್ ಪುಸ್ ಪುಸ್, ಪುಸ್ ಪುಸ್ ಪುಸ್. ಒಂದು ಮುಖದ ಸೀಲ್ ಹೋಗಿದ್ದರೆ ಮೂರರಲ್ಲಿ ಒಂದು ಸದ್ದು ಸಪ್ಪೆಯಾಗುತ್ತದೆ. ಎರಡೂ ರೋಟರ್ ಕೇಳಿ ಆದಮೇಲೆ ಕಣ್ಣು ಬಿಟ್ಟರು. "ಕುಂಟ್ತಾ ಇಲ್ಲ. ಮೂರೂ ಒಂದೇ ಸಮ ಐತಿ." ಲೇತ್ ಸದ್ದು ಕೇಳಿಯೇ ಟೂಲ್ ಸವೆದದ್ದು ಹೇಳುತ್ತಿದ್ದವರ ಕಿವಿ ಅದು. ಅಂಕಿ ಸಿಗಲಿಲ್ಲ, ನಿದ್ದೆ ಬಂತು.

ಪ್ಲಗ್‌ಗಳನ್ನು ಮೊದಲು ಕೈಯಲ್ಲೇ ಕೂರಿಸಿ, ಕೊನೆಗೆ ಟಾರ್ಕ್ ರೆಂಚ್‌ನಲ್ಲಿ 15 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿದ್ದು ಅಪ್ಪಾಜಿಯೇ. ಕಾಯಿಲ್ ಕೂರುವ ಬ್ರಾಕೆಟ್, ಬ್ಯಾಟರಿ ಟರ್ಮಿನಲ್, ಬಾಡಿಗೆ ಬರುವ ಅರ್ತ್, ಎಲ್ಲ ಉಜ್ಜಿ ಹೊಳೆಯಿಸಿದೆ. ಬ್ಯಾಟರಿಯೂ ಹೊಸದು. ಒಂದು ಕಡೆ ವೈರಿಂಗ್ ಮೇಲೆ ಇಲಿ ಹಲ್ಲಿನ ಗುರುತು ಇತ್ತು. ನಮ್ಮ ಬೀದಿಯ ಹಿಂದೆಯೇ ಮೆಕ್ಕೆಜೋಳದ ಗೋಡೌನ್, ಅದಕ್ಕೆ ಬೇರೆ ಪಂಚಾಯಿತಿ ನಡೆಯಬೇಕು.

ಸಂಜೆ ಎಂಜಿನ್ ಚೆನ್ನಾಗಿ ಕಾದ ಮೇಲೆ ಹೈವೇಗೆ ಹೋದೆವು. ಸೆಕೆಂಡ್ ಗೇರ್‌ನಲ್ಲೇ 5,000 ದಾಟಿತು, 6,000, 7,000, ಎಡವಲಿಲ್ಲ. 9,000ದ ಹತ್ತಿರ ಕಾರು "ಪೀಂ" ಅಂತ ಕೂಗಿ ಗೇರ್ ಬದಲಿಸು ಅಂತು. ಅಪ್ಪಾಜಿ ಡ್ಯಾಷ್‌ಬೋರ್ಡ್ ಹಿಡಿದುಕೊಂಡಿದ್ದರು. "ಅದ್ಯಾಕೆ ಬಡ್ಕೊಳ್ತು?" ಅಂದರು. "ಸಾಕು ಅಂತಿದೆ." "ನಂಗೂ ಸಾಕು" ಅಂದರು.

ಲೀಟರಿಗೆ ಐದೂ ಕೊಡದಿದ್ದದ್ದು ಈಗ ಏಳು ಕೊಡುತ್ತಿದೆ. ಬಾನೆಟ್ ಒಳಗಡೆ ಮಾರ್ಕರ್‌ನಲ್ಲಿ ತಾರೀಖು, ಕಿಲೋಮೀಟರ್ ಬರೆದಿದ್ದೇನೆ. ಪ್ಲಗ್ ಇನ್ನು 25,000ಕ್ಕೆ, ಕಾಯಿಲ್ 50,000ಕ್ಕೆ. ಆದರೆ ಮೊಟ್ಟೆ ವಾಸನೆ ಪೂರ್ತಿ ಹೋಗಿಲ್ಲ, ಮತ್ತೆ ಕನ್ವರ್ಟರನ್ನು ಕೈಯಲ್ಲಿ ತಟ್ಟಿದರೆ ಒಳಗೆ ಏನೋ ಗಲಗಲ ಅನ್ನುತ್ತದೆ. ಮುಂದಿನ ಭಾನುವಾರ ಅದನ್ನು ಇಳಿಸಬೇಕು. ಅಪ್ಪಾಜಿ ಈಗಲೇ ಸ್ಟೂಲ್ ಹೊರಗೆ ಇಟ್ಟಿದ್ದಾರೆ.