ಇಂಗ್ಲೆಂಡಿನಲ್ಲಿ ಅಂಗದಾನ: ಊರಿನಿಂದ ದಾನಿಯನ್ನು ಕರೆಸುವ ಮೊದಲು

ಇಂಗ್ಲೆಂಡಿನ ವಯಸ್ಕ ನಿವಾಸಿಗಳು ಬೇಡವೆಂದು ನೋಂದಾಯಿಸದಿದ್ದರೆ ಮರಣಾನಂತರದ ಅಂಗದಾನಕ್ಕೆ ಒಪ್ಪಿದ್ದಾರೆಂದೇ ಕಾನೂನು ಭಾವಿಸುತ್ತದೆ. 2020ರ ಮೇ 20ರಿಂದ ಜಾರಿಯಲ್ಲಿರುವ ಈ ನಿಯಮ ಇಲ್ಲಿಗೆ ಬಂದ ಕೆಲವೇ ವಾರಗಳಲ್ಲಿ ಎಲ್ಲರ ಕಿವಿಗೂ ಬೀಳುತ್ತದೆ. ಅದರ ಎರಡು ಅಂಶಗಳು ಮಾತ್ರ ಅಷ್ಟಾಗಿ ತಿಳಿದಿರುವುದಿಲ್ಲ. ಮೊದಲನೆಯದು, ಸಾವಿಗೆ ಹಿಂದಿನ ಹನ್ನೆರಡು ತಿಂಗಳು ಇಲ್ಲಿಯೇ ನೆಲೆಸಿದ್ದವರಿಗೆ ಮಾತ್ರ ಅದು ಅನ್ವಯಿಸುತ್ತದೆ. ಹೊಸದಾಗಿ ಬಂದ ವಿದ್ಯಾರ್ಥಿಗಾಗಲಿ, ಬಾಣಂತನಕ್ಕೆಂದು ಬಂದ ತಾಯಿಗಾಗಲಿ ಅದು ತಾನಾಗಿ ಅನ್ವಯಿಸುವುದಿಲ್ಲ. ಅವರು ಬದುಕಿದ್ದಾಗ ತಮ್ಮ ನಿರ್ಧಾರವನ್ನು ಹೇಳಿರದಿದ್ದರೆ ಒಪ್ಪಿಗೆಯನ್ನು ಮನೆಯವರೇ ಕೊಡಬೇಕಾಗುತ್ತದೆ. ಎರಡನೆಯದು, ನಿಯಮ ಅನ್ವಯಿಸುವವರ ವಿಷಯದಲ್ಲೂ ಆಸ್ಪತ್ರೆಯ ವಿಶೇಷ ದಾದಿ ಕುಟುಂಬದವರೊಡನೆ ಕುಳಿತು ಮಾತನಾಡಿಯೇ ಮುಂದುವರಿಯುತ್ತಾರೆ. ಮನೆಯವರು ಬಲವಾಗಿ ವಿರೋಧಿಸಿದರೆ ವ್ಯವಹಾರದಲ್ಲಿ ದಾನ ನಡೆಯುವುದಿಲ್ಲ. ಆದ್ದರಿಂದ ಕಾನೂನು ಎಲ್ಲವನ್ನೂ ನೋಡಿಕೊಳ್ಳುತ್ತದೆಂದು ಸುಮ್ಮನಿರುವುದು ಸರಿಯಲ್ಲ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಅಂಗದಾನ ನೋಂದಣಿಯಲ್ಲಿ ನಿಮ್ಮ ನಿರ್ಧಾರವನ್ನು ದಾಖಲಿಸಿ, ಅದನ್ನು ಹೆಂಡತಿಗೋ ಗಂಡನಿಗೋ ಬಾಯಿ ಬಿಟ್ಟು ಹೇಳಿ. ನಿಮ್ಮ ನಂಬಿಕೆ, ಆಚರಣೆಗಳಿಗೆ ಅನುಗುಣವಾಗಿ ದಾನ ನಡೆಯುವ ಬಗ್ಗೆ ಮನೆಯವರೊಡನೆ ಮಾತನಾಡಬೇಕೆಂದು ಸೂಚಿಸುವ ಆಯ್ಕೆಯೂ ಆ ನೋಂದಣಿಯಲ್ಲಿದೆ. ಅಂತ್ಯಸಂಸ್ಕಾರದ ವಿಧಿಗಳ ಬಗ್ಗೆ ಚಿಂತೆಯಿರುವ ಹಿರಿಯರಿಗೆ ಅದನ್ನು ತೋರಿಸಿದರೆ ಅರ್ಧ ಆತಂಕ ಕಳೆಯುತ್ತದೆ.

ನಮ್ಮವರು ನಿಜವಾಗಿ ಹಣವನ್ನೂ ತಿಂಗಳುಗಳನ್ನೂ ಕಳೆದುಕೊಳ್ಳುತ್ತಿರುವುದು ಬೇರೊಂದು ಕಡೆ. ಇಲ್ಲಿ ಡಯಾಲಿಸಿಸ್‌ನಲ್ಲಿರುವ ತಮ್ಮನಿಗೆ ಕಿಡ್ನಿ ಕೊಡಲು ಊರಿನಲ್ಲಿರುವ ಅಣ್ಣನೋ ಅಕ್ಕನೋ ಮುಂದೆ ಬರುತ್ತಾರೆ. ಅವರನ್ನು ಕರೆಸುವ ಹಂತದಲ್ಲಿ ಎಲ್ಲವೂ ತಲೆಕೆಳಗಾಗುತ್ತದೆ. ನಮ್ಮ ಕುಟುಂಬವೂ ಈ ದಾರಿಯಲ್ಲಿ ನಡೆದಿದೆ, ನಂತರ ಬಂದ ಹಲವು ಕುಟುಂಬಗಳು ಅದೇ ಜಾಗದಲ್ಲಿ ಎಡವುವುದನ್ನೂ ನೋಡಿದ್ದೇನೆ.

ಎಡವುವ ರೀತಿ ಹೀಗಿರುತ್ತದೆ. ಅಣ್ಣ ದಾವಣಗೆರೆಯಲ್ಲಿ ರಕ್ತದ ಗುಂಪು ಪರೀಕ್ಷಿಸಿಕೊಂಡು, ಹೊಂದುತ್ತದೆಂದು ಗೊತ್ತಾದೊಡನೆ, ತಮ್ಮನನ್ನು ನೋಡಲು ಹೋಗುವುದಾಗಿ ಬರೆದು ಸಾಮಾನ್ಯ ಸಂದರ್ಶಕ ವೀಸಾಕ್ಕೆ ಅರ್ಜಿ ಹಾಕುತ್ತಾನೆ. ವೀಸಾ ಬರುತ್ತದೆ, ಟಿಕೆಟ್ ಕೊಂಡಾಗುತ್ತದೆ. ಆಸ್ಪತ್ರೆಗೆ ಬಂದ ಮೇಲೆಯೇ, ಅಂಗದಾನಕ್ಕೆ ಬರುವ ಸಂದರ್ಶಕರಿಗೆ ವಲಸೆ ನಿಯಮಗಳಲ್ಲಿ ಪ್ರತ್ಯೇಕ ಷರತ್ತುಗಳಿವೆಯೆಂದು ತಿಳಿಯುವುದು. ದಾನಿ ಯಾರಿಗೆ ಕೊಡುತ್ತಾರೆಂಬುದು ಮೊದಲೇ ನಿಶ್ಚಿತವಾಗಿರಬೇಕು. ಇಬ್ಬರ ನಡುವೆ ರಕ್ತಸಂಬಂಧವೋ ನಿಕಟ ವೈಯಕ್ತಿಕ ಸಂಬಂಧವೋ ಇರಬೇಕು. ಆಸ್ಪತ್ರೆಯ ಅಂಗ ಕಸಿ ತಂಡದ ಮುಖ್ಯ ದಾದಿ ಅಥವಾ ಸಂಯೋಜಕರ, ಇಲ್ಲವೇ ಇಲ್ಲಿ ನೋಂದಾಯಿತರಾದ ತಜ್ಞ ವೈದ್ಯರ ಪತ್ರ ಅರ್ಜಿಯ ಜೊತೆಗಿರಬೇಕು. ದಾನಿ ಹೊಂದುತ್ತಾರೆ ಅಥವಾ ಹೆಚ್ಚಿನ ಪರೀಕ್ಷೆಗೆ ಒಳಗಾಗುತ್ತಿದ್ದಾರೆ ಎಂಬುದನ್ನೂ, ಕಸಿ ಅಥವಾ ಪರೀಕ್ಷೆ ಎಲ್ಲಿ ಯಾವಾಗ ನಡೆಯುತ್ತದೆಂಬುದನ್ನೂ ಆ ಪತ್ರ ತಿಳಿಸಬೇಕು. ಇಲ್ಲಿಗೆ ಬಂದಿಳಿಯುವ ದಿನಕ್ಕೆ ಅದು ಮೂರು ತಿಂಗಳಿಗಿಂತ ಹಳೆಯದಾಗಿರಬಾರದು. ಬಹಳ ಮುಂಚೆಯೇ ಪತ್ರ ಬರೆಸಿಕೊಂಡು, ಪಾಸ್‌ಪೋರ್ಟ್ ನವೀಕರಣಕ್ಕೆ ಕಾದು, ಕೊನೆಗೆ ಪತ್ರದ ಅವಧಿಯೇ ಮುಗಿದುಹೋದ ಉದಾಹರಣೆಯೂ ಇದೆ. ಕುಟುಂಬ ಭೇಟಿಯೆಂದು ಬರೆದು ಬಂದವರ ವಿಷಯದಲ್ಲಿ ಅರ್ಜಿಯಲ್ಲಿ ಹೇಳಿದ ಉದ್ದೇಶ ಒಂದು, ಮಾಡಹೊರಟ ಕೆಲಸ ಇನ್ನೊಂದು ಎಂದಾಗುತ್ತದೆ. ನನಗೆ ತಿಳಿದ ಒಬ್ಬ ದಾನಿ ಹಿಂತಿರುಗಿ ಹೋಗಿ ಹೊಸದಾಗಿ ಅರ್ಜಿ ಹಾಕಬೇಕಾಯಿತು. ವಿಮಾನದ ಹಣಕ್ಕಿಂತ, ಆ ಅವಧಿಯಲ್ಲಿ ತಮ್ಮನ ದೇಹ ಡಯಾಲಿಸಿಸ್‌ನಲ್ಲಿ ಇನ್ನಷ್ಟು ಬಳಲಿದ್ದೇ ದೊಡ್ಡ ನಷ್ಟ.

ಆದ್ದರಿಂದ ಮೊದಲ ಮಾತು ಕಸಿ ಸಂಯೋಜಕರೊಡನೆ ನಡೆಯಲಿ. ರಕ್ತದ ಗುಂಪು, ಅಂಗಾಂಶ ಹೊಂದಾಣಿಕೆ, ಮೂತ್ರಪಿಂಡದ ಕಾರ್ಯಕ್ಷಮತೆ ಇವುಗಳ ಪ್ರಾಥಮಿಕ ವರದಿಗಳನ್ನು ಊರಿನಿಂದಲೇ ತರಿಸಿ ಅವರಿಗೆ ಕಳುಹಿಸಿ, ಅವರು ಒಪ್ಪಿದ ಮೇಲೆ ಪತ್ರ, ಪತ್ರದ ನಂತರ ವೀಸಾ, ವೀಸಾದ ನಂತರ ಟಿಕೆಟ್. ಸಂದರ್ಶಕ ವೀಸಾದ ಅವಧಿ ಸಾಮಾನ್ಯವಾಗಿ ಆರು ತಿಂಗಳು. ಪರೀಕ್ಷೆ, ಸಂದರ್ಶನ, ಶಸ್ತ್ರಚಿಕಿತ್ಸೆ, ಚೇತರಿಕೆ ಎಲ್ಲವೂ ಅದರೊಳಗೆ ಮುಗಿಯಬೇಕೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಪ್ರಯಾಣದ ವೆಚ್ಚ ಮತ್ತು ಕಳೆದುಕೊಂಡ ಸಂಬಳದ ಮರುಪಾವತಿಯ ವಿಚಾರವನ್ನೂ ಖರ್ಚು ಮಾಡುವ ಮೊದಲೇ ಸಂಯೋಜಕರಲ್ಲಿ ಕೇಳಿ.

ಇನ್ನು ದಾಖಲೆಗಳು. 2004ರ ಹ್ಯೂಮನ್ ಟಿಶ್ಯೂ ಕಾಯ್ದೆಯ ಪ್ರಕಾರ ಜೀವಂತ ದಾನಿಯ ಪ್ರತಿಯೊಂದು ಅಂಗದಾನಕ್ಕೂ ಅಂಗ, ಅಂಗಾಂಶಗಳ ಬಳಕೆಯನ್ನು ನಿಯಂತ್ರಿಸುವ ಹ್ಯೂಮನ್ ಟಿಶ್ಯೂ ಅಥಾರಿಟಿಯ ಅನುಮತಿ ಬೇಕು. ಒಡಹುಟ್ಟಿದವರೆಂಬ ಕಾರಣಕ್ಕೆ ವಿನಾಯಿತಿಯಿಲ್ಲ. ಕಸಿ ತಂಡಕ್ಕೆ ಸೇರದ ಒಬ್ಬ ಇಂಡಿಪೆಂಡೆಂಟ್ ಅಸೆಸರ್ (ಸ್ವತಂತ್ರ ಮೌಲ್ಯಮಾಪಕ) ದಾನಿಯನ್ನೂ ಪಡೆಯುವವರನ್ನೂ ಬೇರೆಬೇರೆಯಾಗಿ ಮತ್ತು ಒಟ್ಟಿಗೆ ಮಾತನಾಡಿಸಿ, ಸಂಬಂಧದ ಪುರಾವೆ ನೋಡಿ ವರದಿ ಕೊಡುತ್ತಾರೆ. ನಮ್ಮ ಹೆಸರುಗಳ ತೊಡಕು ಎದುರಾಗುವುದು ಇಲ್ಲಿಯೇ. ಅಣ್ಣನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್‌ಗಳು, ಪಾಸ್‌ಪೋರ್ಟಿನಲ್ಲಿ ಅವುಗಳ ವಿಸ್ತಾರ, ತಮ್ಮನ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೇ ಕುಲನಾಮ, ಮದುವೆಯಾದ ಅಕ್ಕನ ಆಧಾರಿನಲ್ಲಿ ಗಂಡನ ಹೆಸರು. ಕಾಗದದ ಮೇಲೆ ಇವರು ಒಂದೇ ತಾಯಿಯ ಮಕ್ಕಳೆಂದು ಹೊರಗಿನವರಿಗೆ ತಿಳಿಯುವ ದಾರಿಯೇ ಇರುವುದಿಲ್ಲ. ಹಳ್ಳಿಯಲ್ಲಿ ಹುಟ್ಟಿದ ಹಿರಿಯ ಮಕ್ಕಳಿಗೆ ಜನನ ಪ್ರಮಾಣಪತ್ರವೂ ಇರುವುದಿಲ್ಲ. ನಾಡಕಚೇರಿಯಿಂದ ವಂಶವೃಕ್ಷ ಪ್ರಮಾಣಪತ್ರ ಮಾಡಿಸಿ, ಅಂಕಪಟ್ಟಿ, ಹಳೆಯ ಪಡಿತರ ಚೀಟಿ, ಬಾಲ್ಯದಿಂದ ಇತ್ತೀಚಿನವರೆಗಿನ ಕುಟುಂಬದ ಛಾಯಾಚಿತ್ರಗಳನ್ನು ಒಟ್ಟುಗೂಡಿಸಿ. ಕನ್ನಡದಲ್ಲಿರುವುದೆಲ್ಲವನ್ನೂ ಪ್ರಮಾಣೀಕೃತ ಇಂಗ್ಲಿಷ್ ಅನುವಾದ ಮಾಡಿಸಿ. ಈ ಕೆಲಸವನ್ನು ದಾನಿ ಊರು ಬಿಡುವ ಮೊದಲೇ ಮುಗಿಸಬೇಕು. ದಾನಿ ಇಲ್ಲಿಗೆ ಬಂದ ಮೇಲೆ ನಾಡಕಚೇರಿಗೆ ಯಾರೋ ಸಂಬಂಧಿಕರನ್ನು ಓಡಾಡಿಸುವುದರಲ್ಲಿ ವೀಸಾದ ವಾರಗಳೇ ಕರಗಿಹೋಗುತ್ತವೆ.

ಸಂದರ್ಶನದಲ್ಲಿ ದಾನಿಯ ಪರವಾಗಿ ಮನೆಯವರು ಭಾಷಾಂತರ ಮಾಡುವಂತಿಲ್ಲ. ಇಂಗ್ಲಿಷ್ ಬಾರದ ದಾನಿಗೆ ಕುಟುಂಬಕ್ಕೆ ಸಂಬಂಧಿಸದ ಕನ್ನಡ ದುಭಾಷಿಯನ್ನು ಗೊತ್ತುಮಾಡಬೇಕೆಂದು ಆಸ್ಪತ್ರೆಗೆ ಮೊದಲೇ ತಿಳಿಸಿ; ಹಿಂದಿಯ ದುಭಾಷಿ ಸಾಕೆಂದು ಸಂಕೋಚದಿಂದ ಒಪ್ಪಿಕೊಳ್ಳಬೇಡಿ. ಶಸ್ತ್ರಚಿಕಿತ್ಸೆಯ ಅಪಾಯಗಳು ಅರ್ಥವಾಗಿವೆಯೇ, ಯಾರಾದರೂ ಒತ್ತಡ ಹೇರಿದ್ದಾರೆಯೇ, ಕೊನೆಯ ಗಳಿಗೆಯಲ್ಲೂ ಹಿಂದೆ ಸರಿಯಬಹುದೆಂದು ಗೊತ್ತಿದೆಯೇ ಎಂಬ ಪ್ರಶ್ನೆಗಳಿಗೆ ದಾನಿ ತನ್ನ ಮಾತಿನಲ್ಲೇ ಉತ್ತರಿಸಬೇಕು. ಉತ್ತರಗಳನ್ನು ಬಾಯಿಪಾಠ ಮಾಡಿಸಿ ಕಳುಹಿಸುವ ಕುಟುಂಬಗಳಿವೆ. ಅದು ದಾನಿಗೆ ಮಾಡುವ ಅನ್ಯಾಯ, ಅಸೆಸರ್‌ಗೆ ಅನುಮಾನ ಹುಟ್ಟಿಸುವ ಸುಲಭ ದಾರಿಯೂ ಹೌದು.

ಎಲ್ಲಕ್ಕಿಂತ ಗಂಭೀರವಾಗಿ ಎಚ್ಚರಿಸಬೇಕಾದ ವಿಷಯ ಆಸ್ತಿ. ಕಿಡ್ನಿ ಕೊಟ್ಟ ಅಣ್ಣನಿಗೆ ಪಿತ್ರಾರ್ಜಿತ ತೋಟದಲ್ಲಿ ನನ್ನ ಪಾಲನ್ನು ಬಿಟ್ಟುಕೊಡುತ್ತೇನೆ ಎಂಬ ಮಾತು ನಮ್ಮ ಮನೆಗಳಲ್ಲಿ ಕೃತಜ್ಞತೆಯಿಂದ ಸಹಜವಾಗಿ ಬರುತ್ತದೆ. ಆದರೆ ಅಂಗಕ್ಕೆ ಪ್ರತಿಫಲ ಕೊಡುವುದು ಇಲ್ಲಿ ಅಪರಾಧ; ಇಲ್ಲಿನ ಕಾಯ್ದೆಯಲ್ಲಿ ಪ್ರತಿಫಲವೆಂದರೆ ಹಣ ಮಾತ್ರವಲ್ಲ, ಯಾವುದೇ ಬಗೆಯ ಭೌತಿಕ ಲಾಭವೂ ಸೇರುತ್ತದೆ. ಅಂಗಕ್ಕೆ ಪ್ರತಿಯಾಗಿ ಪಾಲು ಬಿಟ್ಟುಕೊಡುವ ಮಾತು ಆ ಅರ್ಥದೊಳಗೆ ಬರಬಲ್ಲದು, ಮತ್ತು ಈ ಅಪರಾಧಕ್ಕೆ ಮೂರು ವರ್ಷಗಳವರೆಗೆ ಸೆರೆವಾಸವಿದೆ. ದಾನಿಯ ಪ್ರಯಾಣ, ವಸತಿ, ಕಳೆದುಕೊಂಡ ಸಂಬಳ ಇವುಗಳ ನಿಜವಾದ ವೆಚ್ಚವನ್ನು ಭರಿಸುವುದಕ್ಕೆ ಮಾತ್ರ ತಡೆಯಿಲ್ಲ. ಮನೆಯಲ್ಲಿ ವಿಭಾಗವೋ ಹಕ್ಕುಬಿಡುಗಡೆ ಪತ್ರವೋ ಅದೇ ಕಾಲಕ್ಕೆ ನಡೆಯಬೇಕಾಗಿದ್ದರೆ ವಕೀಲರನ್ನು ಕೇಳದೆ ಹೆಜ್ಜೆಯಿಡಬೇಡಿ. ಭಾರತಕ್ಕೆ ಹೋಗಿ ಹಣ ಕೊಟ್ಟು ಕಿಡ್ನಿ ಪಡೆಯಬಹುದೆಂದು ಪಿಸುಗುಟ್ಟುವವರ ಮಾತನ್ನಂತೂ ಕೇಳಲೇಬೇಡಿ. ಭಾರತದಲ್ಲಿ ಅದು 1994ರ ಅಂಗಾಂಗ ಕಸಿ ಕಾಯ್ದೆಯಿಂದಲೇ ಅಪರಾಧ, ಮತ್ತು 2022ರಿಂದ ಇಂಗ್ಲೆಂಡಿನ ಕಾನೂನೂ ಇಲ್ಲಿನ ನಿವಾಸಿಗಳು ಹೊರದೇಶದಲ್ಲಿ ಮಾಡುವ ಅಂಗವ್ಯಾಪಾರವನ್ನು ಶಿಕ್ಷಿಸುತ್ತದೆ. ನೈಜೀರಿಯಾದ ಸೆನೆಟರ್ ಐಕ್ ಎಕ್ವೆರೆಮಾಡು ಮಗಳಿಗಾಗಿ ಒಬ್ಬ ಬಡ ಯುವಕನನ್ನು ಸೋದರಸಂಬಂಧಿಯೆಂದು ತೋರಿಸಿ ಲಂಡನ್ನಿಗೆ ಕರೆಸಿದ ಪ್ರಕರಣದಲ್ಲಿ 2023ರಲ್ಲಿ ಒಂಬತ್ತು ವರ್ಷ ಎಂಟು ತಿಂಗಳ ಶಿಕ್ಷೆಗೆ ಗುರಿಯಾದರು. ಊರಿನಿಂದ ಬರುವ ಪ್ರಾಮಾಣಿಕ ಅಣ್ಣನನ್ನೂ ಇಷ್ಟೊಂದು ಪ್ರಶ್ನಿಸುವುದೇಕೆಂದು ನೊಂದುಕೊಳ್ಳುವವರು ಆ ಯುವಕನ ಸ್ಥಿತಿಯನ್ನು ಒಮ್ಮೆ ಯೋಚಿಸಬೇಕು.

ಎರಡೂ ವ್ಯವಸ್ಥೆಗಳನ್ನು ಹತ್ತಿರದಿಂದ ಕಂಡ ಮೇಲೆ ಜೀವಂತ ದಾನದ ವಿಷಯದಲ್ಲಿ ಇಲ್ಲಿನದೇ ಮೇಲೆಂದು ನನ್ನ ಅಭಿಪ್ರಾಯ. ಭಾರತದ ಕಾಯ್ದೆ ಹತ್ತಿರದ ಸಂಬಂಧಿ ಯಾರೆಂದು ಪಟ್ಟಿ ಮಾಡಿ, ಆ ಪಟ್ಟಿಯ ಹೊರಗಿನವರನ್ನು ಅನುಮತಿ ಸಮಿತಿಯ ಮುಂದೆ ನಿಲ್ಲಿಸುತ್ತದೆ. ಇಲ್ಲಿ ಹೆಂಡತಿಯನ್ನೂ ಅಕ್ಕನನ್ನೂ ಒಬ್ಬಂಟಿಯಾಗಿ ಕೂರಿಸಿ ಮನಸ್ಸಿನ ಮಾತನ್ನು ಕೇಳುತ್ತಾರೆ. ಒತ್ತಡ ಮನೆಯೊಳಗಿನಿಂದಲೇ ಬರಬಹುದೆಂಬ ಅರಿವು ಅದರಲ್ಲಿದೆ. ಮನೆಯವರ ರಕ್ತದ ಗುಂಪು ಹೊಂದದಿದ್ದರೂ ನಿರಾಶೆ ಬೇಡ: ವರ್ಷಕ್ಕೆ ನಾಲ್ಕು ಬಾರಿ ಇಡೀ ದೇಶದ ದಾನಿ-ರೋಗಿ ಜೋಡಿಗಳನ್ನು ಹೊಂದಿಸಿ ನೋಡುವ ಕಿಡ್ನಿ ವಿನಿಮಯ ಯೋಜನೆಗೆ ಸೇರಬಹುದು. ನೇತ್ರದಾನದಲ್ಲಿ ಮಾತ್ರ ನಮ್ಮ ನಾಡು ಮುಂದಿದೆ ಎನ್ನುತ್ತೇನೆ. ರಾಜ್‌ಕುಮಾರ್ ಮತ್ತು ಪುನೀತ್ ಅವರ ಕಣ್ಣುಗಳ ದಾನದ ನಂತರ ಕರ್ನಾಟಕದಲ್ಲಿ ಅದು ಮನೆಮಾತಾದಷ್ಟು ಇಲ್ಲಿನ ನಮ್ಮ ಜನರ ನಡುವೆ ಆಗಿಲ್ಲ.

ವೈದ್ಯಕೀಯ ಕಾಲೇಜಿಗೆ ದೇಹದಾನ ಮಾಡುವ ಇಚ್ಛೆಯಿರುವವರು ಅಂಗದಾನದ ನೋಂದಣಿಯನ್ನು ನಂಬಿ ಕೂರಬಾರದು. ದೇಹದಾನಕ್ಕೆ ಬದುಕಿದ್ದಾಗಲೇ ಸಾಕ್ಷಿಯ ಸಮ್ಮುಖದಲ್ಲಿ ಬರೆದುಕೊಟ್ಟ ಒಪ್ಪಿಗೆ ಬೇಕು, ಸತ್ತ ಮೇಲೆ ಮಕ್ಕಳು ಅದನ್ನು ಕೊಡಲು ಬರುವುದಿಲ್ಲ. ರಕ್ತದಾನಕ್ಕೂ ಎರಡು ಮಾತು. ರೋಗಿಗೆ ಬದಲಿಯಾಗಿ ಸಂಬಂಧಿಕರಿಂದ ರಕ್ತ ಕೊಡಿಸುವ ಪದ್ಧತಿ ಇಲ್ಲಿಲ್ಲ. ಊರಿಗೆ ಹೋಗಿಬಂದವರು ಮಲೇರಿಯಾದ ಕಾರಣಕ್ಕೆ ಕೆಲವು ತಿಂಗಳು ಕಾಯಬೇಕಾಗಬಹುದು, 1980ರ ನಂತರ ಎಲ್ಲಿಯೇ ಆಗಲಿ ರಕ್ತ ಏರಿಸಿಕೊಂಡವರು ಕೊಡುವಂತೆಯೇ ಇಲ್ಲ. ಹೆರಿಗೆಯ ಸಮಯದಲ್ಲಿ ರಕ್ತ ಪಡೆದ ತಾಯಂದಿರು ಸಾಲಿನಲ್ಲಿ ನಿಲ್ಲುವ ಮೊದಲೇ ಇದನ್ನು ಫೋನಿನಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.